ಎರಡು ಲಕೋಟೆ ಪದ್ಧತಿಯಲ್ಲಿ ಟೆಂಡರ್ ಸಲ್ಲಿಸುವ ಕುರಿತು ಮಾಹಿತಿ

ಸರ್ಕಾರಿ ಕಚೇರಿಗಳಿಗೆ ಸಾಮಗ್ರಿ ಸರಬರಾಜು ಮಾಡಲು ಅಥವಾ ಸೇವೆ ಒದಗಿಸಲು ಇಚ್ಛಿಸುವ ಸಣ್ಣ ಉದ್ದಿಮೆದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾಜ್ಯದಲ್ಲಿ ಇಂತಹ ಖರೀದಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರಡಿ ರಚಿಸಲಾದ 2000ದ ನಿಯಮಗಳಿಗೆ ಒಳಪಟ್ಟಿರುತ್ತವೆ.

ಎರಡು ಲಕೋಟೆ ಎಂದರೇನು?

ಮೊದಲನೆಯ ಲಕೋಟೆಯಲ್ಲಿ ಟೆಂಡರುದಾರರ ಅರ್ಹತೆ ಹಾಗೂ ತಾಂತ್ರಿಕ ವಿವರಗಳಿರುತ್ತವೆ. ಎರಡನೆಯದರಲ್ಲಿ ದರಪಟ್ಟಿ ಇರುತ್ತದೆ. ಮೊದಲನೆಯ ಲಕೋಟೆಯ ಪರಿಶೀಲನೆಯಲ್ಲಿ ಅರ್ಹರೆಂದು ಕಂಡುಬಂದವರ ದರಪಟ್ಟಿಯನ್ನು ಮಾತ್ರ ತೆರೆಯಲಾಗುತ್ತದೆ. ಆದುದರಿಂದ ಅತಿ ಕಡಿಮೆ ದರ ನಮೂದಿಸಿದವರೂ ಒಂದು ದಾಖಲೆಯ ಕೊರತೆಯಿಂದ ಅವಕಾಶ ಕಳೆದುಕೊಳ್ಳಬಹುದು. ಆ ದರ ಎಷ್ಟಿತ್ತೆಂದು ಯಾರೂ ನೋಡುವುದೇ ಇಲ್ಲ.

ಗಮನಿಸಬೇಕಾದ ಅಂಶಗಳು

1. ಟೆಂಡರ್ ದಾಖಲೆಯಲ್ಲಿನ ಪ್ರತಿಯೊಂದು ಷರತ್ತನ್ನು ಪಟ್ಟಿ ಮಾಡಿಕೊಂಡು, ಅದರ ಎದುರಿಗೆ ಪೂರಕ ದಾಖಲೆಯನ್ನು ಗುರುತಿಸಿಕೊಳ್ಳತಕ್ಕದ್ದು. ವಹಿವಾಟು ಪ್ರಮಾಣಪತ್ರವನ್ನು ಯಾವ ಆರ್ಥಿಕ ವರ್ಷಗಳಿಗೆ ಕೇಳಲಾಗಿದೆಯೋ ಅದೇ ವರ್ಷಗಳಿಗೆ ಸಲ್ಲಿಸತಕ್ಕದ್ದು.

2. ಹಿಂದಿನ ಕೆಲಸದ ಅನುಭವವನ್ನು ಕೇವಲ ಬರೆದು ತಿಳಿಸಿದರೆ ಸಾಲದು. ಕಾರ್ಯಾದೇಶದೊಂದಿಗೆ ಕೆಲಸ ಪೂರ್ಣಗೊಳಿಸಿದ ಪ್ರಮಾಣಪತ್ರವನ್ನೂ ಲಗತ್ತಿಸುವುದು ಸೂಕ್ತ.

3. ದರವನ್ನು ಯಾವುದೇ ಕಾರಣಕ್ಕೂ ಮೊದಲನೆಯ ಲಕೋಟೆಯಲ್ಲಿ ನಮೂದಿಸಬಾರದು.

4. ದರವು ತೆರಿಗೆಯನ್ನು ಒಳಗೊಂಡಿರಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಉದಾಹರಣೆಗೆ, ಶೇ. 18ರ ಜಿ.ಎಸ್.ಟಿ. ಅನ್ವಯಿಸುವ ಮೇಜೊಂದಕ್ಕೆ ತೆರಿಗೆ ಪ್ರತ್ಯೇಕವೆಂದು ಭಾವಿಸಿ ರೂ. 4,000 ನಮೂದಿಸಿ, ಟೆಂಡರಿನಲ್ಲಿ ತೆರಿಗೆ ಸಹಿತ ದರ ಕೇಳಿದ್ದಲ್ಲಿ, ಸರಬರಾಜುದಾರರಿಗೆ ಉಳಿಯುವುದು ಸುಮಾರು ರೂ. 3,390 ಮಾತ್ರ. ನೂರು ಮೇಜುಗಳಿಗೆ ಈ ವ್ಯತ್ಯಾಸ ಸುಮಾರು ರೂ. 61,000 ಆಗುತ್ತದೆ. ಸಾಗಾಣಿಕೆ ಹಾಗೂ ಅಳವಡಿಕೆ ವೆಚ್ಚಕ್ಕೂ ಇದೇ ಎಚ್ಚರಿಕೆ ಅಗತ್ಯ.

5. ಷರತ್ತುಗಳಲ್ಲಿ ಸಂದೇಹವಿದ್ದಲ್ಲಿ ನಿಗದಿತ ಅವಧಿಯೊಳಗೆ ಟೆಂಡರ್ ಆಹ್ವಾನ ಪ್ರಾಧಿಕಾರದಿಂದ ಲಿಖಿತವಾಗಿ ಸ್ಪಷ್ಟನೆ ಪಡೆಯತಕ್ಕದ್ದು. ತಾವಾಗಿಯೇ ಹೊಸ ಷರತ್ತು ಸೇರಿಸಿದಲ್ಲಿ ಟೆಂಡರ್ ತಿರಸ್ಕೃತವಾಗುವ ಸಂಭವವಿರುತ್ತದೆ.

6. ಆನ್‌ಲೈನ್ ಟೆಂಡರುಗಳಿಗೆ ಡಿಜಿಟಲ್ ಸಹಿಯ ಅವಧಿ, ಇ.ಎಂ.ಡಿ. ಪಾವತಿ ಹಾಗೂ ಅಪ್‌ಲೋಡ್ ಮಾಡಿದ ಪ್ರತಿಗಳ ಸ್ಪಷ್ಟತೆಯನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳತಕ್ಕದ್ದು. ಕೊನೆಯ ದಿನದವರೆಗೆ ಕಾಯುವುದು ಸೂಕ್ತವಲ್ಲ.

ಮೇಲ್ಮನವಿ

ಅಧಿನಿಯಮದ ಪ್ರಕರಣ 13ರಡಿ ಟೆಂಡರ್ ಅಂಗೀಕಾರ ಪ್ರಾಧಿಕಾರವು ಹೊರಡಿಸಿದ ಆದೇಶದಿಂದ ಬಾಧಿತರಾದ ಟೆಂಡರುದಾರರು, ಆದೇಶ ತಲುಪಿದ 30 ದಿನಗಳೊಳಗೆ ಪ್ರಕರಣ 16ರಡಿ ನಿಯಮಿತ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ಆದುದರಿಂದ ಸಲ್ಲಿಸಿದ ಎಲ್ಲ ದಾಖಲೆಗಳ ಪ್ರತಿ ಹಾಗೂ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.