ಟೆಕ್ಕನ್ 3: ಗುಂಡಿ ಕುಟ್ಟಿದವನೂ ಗೆಲ್ಲುವ ಆಟ

ಪ್ರಶ್ನೆ: ಟೆಕ್ಕನ್ 3 ಆಟವನ್ನು ಇಂದಿಗೂ ಹೊಗಳುತ್ತಾರಲ್ಲ, ಅದರಲ್ಲಿ ಕುಂದುಗಳೇ ಇಲ್ಲವೆ?

ಉತ್ತರ: ಇವೆ. ಮೊದಲು ಹೆಚ್ಚುಗಾರಿಕೆ. 1997ರಲ್ಲಿ ಜಪಾನಿನ ನಾಮ್ಕೊ ಕಂಪನಿ ತಂದ ಈ ಕಾದಾಟದ ವಿಡಿಯೊ ಆಟದಲ್ಲಿ ನಾಲ್ಕು ಗುಂಡಿಗಳು ಎರಡು ಕೈ, ಎರಡು ಕಾಲುಗಳಿಗೆ ಮೀಸಲು; ಹೊಸಬರಿಗೂ ಬೇಗ ಕೈಹತ್ತುತ್ತದೆ. ಪಾತ್ರಗಳೂ ಬೇರೆ ಬೇರೆ: ಹ್ವಾರಾಂಗ್‌ನ ಟೇಕ್ವಾಂಡೋ ಒದೆತಕ್ಕೂ ಬ್ರೂಸ್ ಲೀಯನ್ನು ನೆನಪಿಸುವ ಲಾನ ವರಸೆಗೂ ಅಜಗಜಾಂತರ. ಎಲ್ಲರೂ ಪಕ್ಕಕ್ಕೆ ಸರಿದು ಏಟು ತಪ್ಪಿಸಿಕೊಳ್ಳಬಲ್ಲರು. ಮೂರು ಆಯಾಮ ಇಲ್ಲಿ ಬರೀ ಅಲಂಕಾರವಲ್ಲ.

ಕುಂದೆಂದರೆ ಎಡ್ಡಿ ಗೋರ್ಡೊ ಎಂಬ ಪಾತ್ರ. ಅವನ ಕಪೊಯೆರಾ ಕಾಳಗಕಲೆ ನೋಡಲು ಚೆಂದ, ಆದರೆ ಕಣ್ಣುಮುಚ್ಚಿ ಒದೆತದ ಗುಂಡಿ ಕುಟ್ಟಿದರೂ ಎದುರಾಳಿ ಕಂಗಾಲು. (ಅಣ್ಣಂದಿರನ್ನು ಸೋಲಿಸಿದ ತಮ್ಮಂದಿರು ಇದನ್ನು ಕುಂದೆಂದು ಒಪ್ಪಲಾರರು!) ಪಳಗಿದವರ ಮುಂದೆ ಮಾತ್ರ ಈ ಉಪಾಯ ನಡೆಯದು. ಇನ್ನೊಂದು ಕುಂದು: 1998ರ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಹಿನ್ನೆಲೆ ಬರೀ ಚಪ್ಪಟೆ ಚಿತ್ರ. ಸಾಲುಸಾಲು ಎದುರಾಳಿಗಳನ್ನು ಹೊಡೆದುರುಳಿಸುತ್ತ ಸಾಗುವ ಟೆಕ್ಕನ್ ಫೋರ್ಸ್ ವಿಭಾಗವಂತೂ ಬೇಗ ಬೇಸರ ತರಿಸುತ್ತದೆ.