ಹಿತ್ತಲ ಹುಣಸೆಯಲ್ಲಿ ಹೆಜ್ಜಾರ್ಲೆ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಣಸೆ ಬಡಿಯುವ ಕೆಲಸ ಶುರುವಾಗುತ್ತದೆ. ಉದ್ದನೆಯ ಗಳು ಹಿಡಿದು ಒಬ್ಬರು ಮರ ಹತ್ತುತ್ತಾರೆ. ಉದುರಿದ ಹಣ್ಣನ್ನು ಹೆಂಗಸರು ಆಯ್ದು ತಂದು, ಜಗಲಿಯಲ್ಲಿ ಕೂತು ಸಿಪ್ಪೆ ತೆಗೆದು, ನಾರು ಕಿತ್ತು, ಬೀಜ ಬಿಡಿಸಿ ಒಣಹಾಕುತ್ತಾರೆ. ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದವರು ಮರದ ಮೇಲಿನ ಫಸಲನ್ನು ಹಾಗೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುತ್ತಾರೆ. ನೀರು, ಗೊಬ್ಬರ, ಔಷಧಿ ಏನನ್ನೂ ಕೇಳದೆ ವರ್ಷಕ್ಕೊಮ್ಮೆ ಕೈಗೆ ಕಾಸು ಕೊಡುವ ಮರ ಅದು.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಅದೇ ತಿಂಗಳುಗಳಲ್ಲಿ ಕೆಲವು ಮರಗಳಿಗೆ ಯಾರೂ ಗಳು ತಾಗಿಸುವುದಿಲ್ಲ. ಹಣ್ಣು ತೂಗುವ ಕೊಂಬೆಗಳ ಮೇಲೇ ಕಡ್ಡಿಗೂಡುಗಳು, ಗೂಡುಗಳಲ್ಲಿ ಮೊಟ್ಟೆ, ಮರಿ. ಬಡಿದರೆ ಹಣ್ಣಿನ ಜೊತೆ ಅವೂ ಕೆಳಗೆ ಬೀಳುತ್ತವೆ. ಹುಣಸೆ ಕೊಯ್ಲಿನ ಕಾಲವೂ ಹಕ್ಕಿಗಳು ಮರಿ ಮಾಡುವ ಕಾಲವೂ ಒಂದರ ಮೇಲೊಂದು ಬಂದು ಕೂತಿರುವುದೇ ಈ ಊರಿನ ಕಥೆಯ ತಿರುಳು. ಮರಗಳು ಅರಣ್ಯ ಇಲಾಖೆಯವಲ್ಲ. ಒಬ್ಬೊಬ್ಬರ ಹಿತ್ತಲಿನವು, ಕಣದ ಬದಿಯವು, ಬೀದಿಯ ತಿರುವಿನವು. ಒಂದು ವರ್ಷದ ಫಸಲು ಬಿಡಬೇಕೋ ಬೇಡವೋ ಎಂಬ ತೀರ್ಮಾನ ಆಗುವುದು ಆಯಾ ಮನೆಯ ಅಡುಗೆಮನೆಯಲ್ಲಿ.

ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಮೈಸೂರು ಹೆದ್ದಾರಿಯಿಂದ ಒಳಗೆ ತಿರುಗಿದರೆ ಶಿಂಷಾ ನದಿಗೆ ಹತ್ತಿರವಾಗಿ ಈ ಊರು ಸಿಗುತ್ತದೆ. ಇಲ್ಲಿ ಮುಖ್ಯವಾಗಿ ಗೂಡು ಕಟ್ಟುವುದು ಎರಡು ಜಾತಿಯ ದೊಡ್ಡ ನೀರುಹಕ್ಕಿಗಳು. ಮೊದಲನೆಯದು ಹಳದಿ ಕೊಕ್ಕಿನ, ಬಾಲದ ಬಳಿಯ ರೆಕ್ಕೆಗರಿಗಳಿಗೆ ಗುಲಾಬಿ ಬಣ್ಣ ಬಳಿದಂತಿರುವ ಬಣ್ಣದ ಕೊಕ್ಕರೆ. ಎರಡನೆಯದು ಹೆಜ್ಜಾರ್ಲೆ, ಕೊಕ್ಕಿನ ಕೆಳಗೆ ಜೋಲುವ ಚೀಲವಿರುವ, ಬೂದು ಮೈಯ ಭಾರೀ ಹಕ್ಕಿ. ದಕ್ಷಿಣ ಭಾರತ, ಶ್ರೀಲಂಕಾ, ಕಾಂಬೋಡಿಯಾಗಳಲ್ಲಿ ಅಲ್ಲಲ್ಲಿ ಉಳಿದಿರುವ ಹೆಜ್ಜಾರ್ಲೆಯನ್ನು ಅಂತರರಾಷ್ಟ್ರೀಯ ಪಟ್ಟಿ ಅಪಾಯದ ಅಂಚಿಗೆ ಹತ್ತಿರವಿರುವ ಜಾತಿ ಎಂದು ಗುರುತಿಸಿದೆ. ಚಳಿಗಾಲದ ಹೊತ್ತಿಗೆ ಬರುವ ಹಕ್ಕಿಗಳು ಬೇಸಿಗೆ ಮುಗಿಯುವವರೆಗೆ ಊರಲ್ಲಿರುತ್ತವೆ. ಹೆಜ್ಜಾರ್ಲೆ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು, ಆಮೇಲೆ ಮರಿ ಹಾರುವಷ್ಟು ಬಲಿಯಲು ಇನ್ನೂ ಮೂರು ತಿಂಗಳಿಗಿಂತ ಹೆಚ್ಚು. ಅಷ್ಟು ದಿನವೂ ತಂದೆತಾಯಿ ಹಕ್ಕಿಗಳು ದೂರದ ಕೆರೆಗಳಿಂದ ಮೀನು ಹೊತ್ತು ತರಬೇಕು. ಮರಿ ಅಪ್ಪನದೋ ಅಮ್ಮನದೋ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿ ಊಟ ಮಾಡುತ್ತದೆ. ನೋಡುವವರಿಗೆ ಗಾಬರಿ ಹುಟ್ಟಿಸುವ ದೃಶ್ಯ.

ದೂರದಿಂದ ಇದೆಲ್ಲ ಚೆಂದ. ಮರದ ಕೆಳಗೆ ಬದುಕುವವರಿಗೆ ಬೇರೆಯೇ ಅನುಭವ. ಅರ್ಧ ತಿಂದು ಬೀಳಿಸಿದ ಮೀನು ಅಂಗಳದಲ್ಲಿ ಕೊಳೆಯುತ್ತದೆ. ಹಿಕ್ಕೆ ಹೆಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಕೆಲವೊಮ್ಮೆ ತಲೆಯ ಮೇಲೆ. ಏಪ್ರಿಲ್ ಬಿಸಿಲಿಗೆ ಆ ವಾಸನೆ ಏರುವಾಗ ಹೊರಗಿನಿಂದ ಬಂದವರು ಕರವಸ್ತ್ರ ಹುಡುಕುತ್ತಾರೆ.

ಈ ಹಕ್ಕಿಗಳ ಬಗ್ಗೆ ಊರವರು ಹೇಳುವ ಒಂದು ಮಾತು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ: ಇವು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಮಾತು ನಿಜವಾದದ್ದೇ. ಆದರೆ ಬರೆಯುವವರು ಅಲ್ಲಿಗೇ ನಿಲ್ಲಿಸಿದರೆ ಊರಿಗೆ ಅನ್ಯಾಯ. ಮಗಳ ಬಾಣಂತನಕ್ಕೆ ತವರಿನವರು ಸಾಲ ಮಾಡುವುದೂ ಉಂಟಲ್ಲ. ಆ ಖರ್ಚಿನ ಲೆಕ್ಕವೂ ಕಥೆಯಲ್ಲಿ ಬರಬೇಕು.

ಆ ಲೆಕ್ಕವನ್ನು ಹೊರಗಿನವರಲ್ಲಿ ಮೊದಲು ಗಂಭೀರವಾಗಿ ನೋಡಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಲಕ್ಷಾಂತರ ಸಸಿ ನೆಡಿಸಿದವರೆಂದು ರಾಜಧಾನಿ ಅವರನ್ನು ನೆನೆಯುತ್ತದೆ. ಅದಕ್ಕೂ ಮೊದಲೇ, 1976ರಲ್ಲಿ, ಬೆಳ್ಳೂರಿನ ಹೆಜ್ಜಾರ್ಲೆ ನೆಲೆಯನ್ನು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದವರು ಅವರೇ. ಊರವರಿಗೆ ಇದು ಹೊಸ ಸುದ್ದಿಯೇನಲ್ಲ. ಹಿಂದೆ ಶಿಂಷೆಯ ದಡದಲ್ಲೇ ಊರಿತ್ತು, ಪ್ಲೇಗು ಬಂದಾಗ ಜನ ಈಗಿನ ಜಾಗಕ್ಕೆ ಗುಳೆ ಬಂದರು, ಹಿಂದೆಯೇ ಹಕ್ಕಿಗಳೂ ಬಂದವು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. 19ನೇ ಶತಮಾನದಲ್ಲಿ ಜೆರ್ಡನ್ ಎಂಬ ಬ್ರಿಟಿಷ್ ವೈದ್ಯ, ಪಕ್ಷಿತಜ್ಞ, ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಕಂಡು ದಾಖಲಿಸಿದ್ದ. ಮನುಷ್ಯರ ನಡುವೆ ಬಾಳುವುದು ಈ ಹಕ್ಕಿಗೆ ಹಳೆಯ ರೂಢಿ.

ನಾಡಿನಾಚೆ ಅವುಗಳಿಗೆ ಏನಾಯಿತು ಎಂಬುದನ್ನೂ ನೋಡಬೇಕು. ಬರ್ಮಾದ ಸಿಟಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಪಕ್ಷಿತಜ್ಞ ಕಂಡದ್ದು ಲಕ್ಷಗಟ್ಟಲೆ ಹೆಜ್ಜಾರ್ಲೆಗಳ ಬೀಡು. ಮುಂದಿನ ಎಪ್ಪತ್ತು ವರ್ಷದೊಳಗೆ ಆ ಬೀಡು ಪೂರ್ತಿ ಅಳಿದುಹೋಯಿತು. ಅಲ್ಲಿದ್ದದ್ದು ದಟ್ಟ ಕಾಡಿನ ದೈತ್ಯ ಮರಗಳು. ಇಲ್ಲಿರುವುದು ಹಿತ್ತಲ ಹುಣಸೆ, ಬೀದಿಯ ಅರಳಿ, ಬಸರಿ.

ನೇಗಿನಹಾಳರ ದಾರಿ ಸರಳವಾಗಿತ್ತು: ಫಸಲು ಬಿಟ್ಟುಕೊಡುವ ಮರದ ಒಡೆಯನಿಗೆ ಇಲಾಖೆಯೇ ಪರಿಹಾರ ಕೊಡಲಿ. ಹಾಗೆ ಶುರುವಾದ ಪರಿಹಾರ ಇಂದಿಗೂ ಊರಿನ ಚರ್ಚೆಯ ವಸ್ತು. ಹುಣಸೆಯ ಪೇಟೆ ಬೆಲೆ ಏರಿದ ವೇಗದಲ್ಲಿ ಪರಿಹಾರ ಏರಲಿಲ್ಲ ಎಂಬ ದೂರು ಹಳೆಯದು. ಮನೆ ವಿಸ್ತರಿಸಲು, ಮಗಳ ಮದುವೆಗೆ, ಮರ ಕಡಿದು ಮಾರಿದವರೂ ಇದ್ದಾರೆ. ಅವರನ್ನು ದೂಷಿಸುವುದು ಸುಲಭ. ಪಟ್ಟಣದಲ್ಲಿ ಕಾರು ನಿಲ್ಲಿಸಲು ಅಡ್ಡಿಯಾಯಿತೆಂದು ಮನೆಮುಂದಿನ ಹೊಂಗೆ ಕಡಿಸಿದವರು ಆ ಮಾತಾಡದಿರುವುದು ವಾಸಿ.

ಹಕ್ಕಿಯಿಂದ ಊರಿಗೆ ನೇರ ಲಾಭವೂ ಇತ್ತು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ತುಂಬಿ, ಮೇಲಿನಿಂದ ಬಿದ್ದದ್ದನ್ನೆಲ್ಲ ಅದರಲ್ಲೇ ಸೇರಿಸಿ, ಹಕ್ಕಿಗಳು ಹೋದ ಮೇಲೆ ಗದ್ದೆಗೆ ಎರಚುವುದು ಇಲ್ಲಿನ ಹಳೆಯ ಪದ್ಧತಿ. ಚೀಲದ ಗೊಬ್ಬರ ಅಗ್ಗವಾಗಿ ಅಂಗಡಿಯಲ್ಲಿ ಸಿಗತೊಡಗಿದಾಗ ಗುಂಡಿಗಳ ಬೆಲೆ ತಗ್ಗಿತು. ರಸಗೊಬ್ಬರದ ಅಂಗಡಿಗೂ ಹೆಜ್ಜಾರ್ಲೆಯ ಗೂಡಿಗೂ ಹೀಗೊಂದು ಸಂಬಂಧವಿದೆ ಎಂದು ಯಾರು ಊಹಿಸಿದ್ದರು?

1990ರ ದಶಕದಲ್ಲಿ ಇನ್ನೊಂದು ತಿರುವು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಊರಿಗೆ ಬಂದು, ಇಲ್ಲಿನ ಯುವಕರ ಜೊತೆ ಕೆಲಸ ಶುರುಮಾಡಿದರು. ಆಗ ಹುಟ್ಟಿದ್ದೇ ಹೆಜ್ಜಾರ್ಲೆ ಬಳಗ. ಗಾಳಿಗೋ, ಒಡಹುಟ್ಟಿದ ಮರಿಗಳ ತಳ್ಳಾಟಕ್ಕೋ ಗೂಡಿನಿಂದ ಮರಿ ಕೆಳಗೆ ಬೀಳುವುದುಂಟು. ಬಿದ್ದ ಮರಿಗೆ ಉಣಿಸಲು ತಾಯಿಹಕ್ಕಿ ಇಳಿದು ಬರುವುದಿಲ್ಲ. ನಾಯಿಯ ಪಾಲಾಗುವುದು, ಇಲ್ಲವೇ ಹಸಿದು ಸಾಯುವುದು ಅದರ ಪಾಡು. ಬಳಗದವರು ಅಂಥ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿ ಬಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಹೀಗೆ ಬದುಕಿದ ಮರಿಗಳು ನೂರಾರು. ಹೆಜ್ಜಾರ್ಲೆ ಮರಿಯ ಹೊಟ್ಟೆ ತುಂಬಿಸುವುದು ಹುಡುಗಾಟವಲ್ಲ. ದಿನವೂ ಮೀನು ಹೊಂದಿಸಬೇಕು, ಅದಕ್ಕೆ ದುಡ್ಡು ಬೇಕು, ಹೊಲದ ಕೆಲಸ ಬಿಟ್ಟು ಕಾಯಲು ಆಳು ಬೇಕು. ಕಾವಲು, ಎಣಿಕೆ, ಶಾಲೆಯ ಮಕ್ಕಳಿಗೆ ತಿಳಿಹೇಳುವುದು, ಸಸಿ ನೆಡುವುದು ಎಲ್ಲವೂ ನಿಧಾನವಾಗಿ ಇದಕ್ಕೆ ಸೇರಿಕೊಂಡವು.

ಇಂಥ ಊರನ್ನು ಕಾನೂನು ಯಾವ ಖಾನೆಯಲ್ಲಿ ಇಡಬೇಕು? ಅಭಯಾರಣ್ಯ ಎಂದು ಘೋಷಿಸಿದರೆ ಜನರ ಮನೆ, ಹೊಲ, ಕಣಗಳೆಲ್ಲ ನಿರ್ಬಂಧದೊಳಗೆ ಬರುತ್ತವೆ. ಸುಮ್ಮನೆ ಬಿಟ್ಟರೆ ಹಕ್ಕಿಗೆ ರಕ್ಷಣೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಇದಕ್ಕೊಂದು ನಡುದಾರಿ ತೆರೆಯಿತು. ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ, ಜನರೇ ಮುಂದೆ ಬಂದರೆ, ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಬಹುದು. ಜಮೀನು ಒಡೆಯನ ಹೆಸರಲ್ಲೇ ಉಳಿಯುತ್ತದೆ. ಉಸ್ತುವಾರಿ ಸಮಿತಿಯಲ್ಲಿ ಊರಿನ ಕನಿಷ್ಠ ಐವರು, ಜೊತೆಗೆ ಇಲಾಖೆಯ ಪ್ರತಿನಿಧಿ. ಭೂಬಳಕೆ ಬದಲಿಸಬೇಕಾದರೆ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು. 2007ರಲ್ಲಿ ಕೊಕ್ಕರೆ ಬೆಳ್ಳೂರು ಇಂಥ ಮೀಸಲು ಪ್ರದೇಶವಾಯಿತು. ದೇಶದಲ್ಲೇ ಮೊದಮೊದಲು ಘೋಷಣೆಯಾದವುಗಳಲ್ಲಿ ಇದೊಂದು. ಸುಮಾರು 312 ಹೆಕ್ಟೇರ್.

ಹಕ್ಕಿಗಳಿಗೆ ಈ ಗಡಿ ಗೊತ್ತಿಲ್ಲ. 2017ರ ಕೊನೆಯಿಂದ 2018ರವರೆಗೆ ಊರಿನಲ್ಲಿ ಒಂದರ ಹಿಂದೊಂದರಂತೆ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹಕ್ಕಿಜ್ವರದ ಭಯ ಹಬ್ಬಿತು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆ ಕರುಳಿನ ತುಂಬ ದುಂಡುಹುಳು. ಈ ಜಂತು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಅಂದರೆ ಹುಡುಕಬೇಕಾದದ್ದು ಬೆಳ್ಳೂರಿನ ಮರಗಳಲ್ಲಲ್ಲ, ಹಕ್ಕಿಗಳು ಮೇಯುವ ಸೂಳೆಕೆರೆ, ಮದ್ದೂರು ಕೆರೆಯಂಥ ಕಡೆ. ಚರಂಡಿ ನೀರು, ಗದ್ದೆಯ ಔಷಧಿ, ಬರಗಾಲದಲ್ಲಿ ಬತ್ತುವ ಅಂಗಳ, ಎಲ್ಲದರ ಫಲವನ್ನೂ ಹಕ್ಕಿ ತನ್ನ ಚೀಲದಲ್ಲಿ ತುಂಬಿಕೊಂಡು ಬರುತ್ತದೆ.

ಮೀನಿಗೂ ಒಡೆಯರಿದ್ದಾರೆ. ಕೆರೆಗಳ ಮೀನುಗಾರಿಕೆ ಹರಾಜಿನಲ್ಲಿ ಗುತ್ತಿಗೆಗೆ ಹೋಗುತ್ತದೆ. ದುಡ್ಡು ಸುರಿದು ಮರಿಮೀನು ಬಿಟ್ಟ ಗುತ್ತಿಗೆದಾರನ ಕಣ್ಣಿಗೆ ಹೆಜ್ಜಾರ್ಲೆ ತವರಿನ ಮಗಳಾಗಿ ಕಾಣುವುದಿಲ್ಲ. ಪಟಾಕಿ ಸಿಡಿಸಿ ಓಡಿಸುತ್ತಾನೆ. ಅವನ ಕಡೆಯಿಂದ ನೋಡಿದರೆ ಅದೂ ಸಹಜ. ಬೆಳ್ಳೂರಿನವನಿಗೆ ಹುಣಸೆಗೆ ಪರಿಹಾರ ಸಿಗುತ್ತದೆ, ಹತ್ತು ಮೈಲಿ ಆಚೆಯ ಮೀನಿನವನಿಗೆ ಏನೂ ಇಲ್ಲ. ಗೂಡಿನ ಲೆಕ್ಕ ಹಾಕಿದ ನಾಡು ಊಟದ ಲೆಕ್ಕ ಇನ್ನೂ ಹಾಕಿಲ್ಲ.

ಕೆರೆಯನ್ನೇ ಕಾಯಲು ಹೊರಟ ಊರುಗಳೂ ರಾಜ್ಯದಲ್ಲಿವೆ. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ ಸುಮಾರು 98 ಹೆಕ್ಟೇರಿನ ಕೆರೆ. ಅಂಗಳದಲ್ಲಿ ಬೆಳೆದ ಜಾಲಿಮರಗಳು ನೀರಿನ ನಡುವೆ ನಿಂತು, ಬೆಕ್ಕು ನಾಯಿಗೆ ನಿಲುಕದ ಗೂಡಿನ ತಾಣವಾಗಿವೆ. ಋತುವಿನಲ್ಲಿ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ತಂಗುತ್ತವೆ, ಗೂಡು ಕಟ್ಟುತ್ತವೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಅದೇ ವರ್ಷ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಸಂಖ್ಯೆ 8 ಸಾವಿರದವರೆಗೂ ಮುಟ್ಟುತ್ತದೆ. ಶಿರಾ ತಾಲೂಕಿನ ಕಗ್ಗಲಡುವಿನಲ್ಲೂ ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರೊಳಗಿನ ಹುಣಸೆಮರದ ಮೇಲೇ. ನೆರೆಯ ತಮಿಳುನಾಡಿನ ವೇದಂತಾಂಗಲ್‌ನಲ್ಲಿ ಊರವರೇ ಹಕ್ಕಿ ಕಾಯುವುದು ಇನ್ನೂ ಹಳೆಯ ಮಾತು. 18ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಹಕ್ಕಿ ಹೊಡೆದಾಗ ಊರವರು ಚೆಂಗಲ್ಪಟ್ಟಿನ ಕಲೆಕ್ಟರ್ ಬಳಿ ಹೋಗಿ, ಕೆರೆಯ ಹಕ್ಕಿಗಳನ್ನು ಕಾಯುವ ಹಕ್ಕನ್ನು ಬರೆಸಿಕೊಂಡು ಬಂದರು. ಹಿಕ್ಕೆ ಬಿದ್ದ ಕೆರೆನೀರಿಗೆ ಗದ್ದೆ ಚೆನ್ನಾಗಿ ಬರುತ್ತದೆ ಎಂಬುದು ಅವರ ವಾದ.

ಹಕ್ಕಿ ಇಲ್ಲದ ಊರಿನವರೂ ಕೈಜೋಡಿಸಲು ಒಂದು ದಾರಿಯಿದೆ. ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿರುವ ಈ ಕೆಲಸ ಮಾಡುವವರು ಬಹುತೇಕ ಸ್ವಯಂಸೇವಕರು. ತಮ್ಮೂರ ಕೆರೆಗೆ ಬೆಳಗ್ಗೆ ಹೋಗಿ ಎಷ್ಟು ಬಾತು, ಎಷ್ಟು ಕೊಕ್ಕರೆ ಎಂದು ಎಣಿಸಿ ಬರೆದುಕೊಟ್ಟರೆ ಆಯಿತು. ಕೆರೆಗೆ ಮಣ್ಣು ತುಂಬಿಸಲು ಯಾರಾದರೂ ಬಂದ ದಿನ, ಹತ್ತು ವರ್ಷದ ಇಂಥ ಪಟ್ಟಿ ಊರವರ ಕೈಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಕೊಕ್ಕರೆ ಬೆಳ್ಳೂರಿಗೆ ಹೋಗುವವರಿಗೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮರಿಗಳಿರುವಾಗ ಹಾರ್ನ್, ಡ್ರೋನ್, ಚಪ್ಪಾಳೆ ಬೇಡ. ಬೆದರಿದ ಹಕ್ಕಿ ಗೂಡು ಬಿಟ್ಟು ಎದ್ದರೆ ಮರಿ ಬಿಸಿಲಿಗೆ ಬೇಯುತ್ತದೆ. ಕೊಕ್ಕರೆಗಳು ನಡುಮಧ್ಯಾಹ್ನ ರೆಕ್ಕೆ ಬಿಚ್ಚಿ ನಿಲ್ಲುವುದು ಮರಿಗೆ ನೆರಳು ಮಾಡಲಿಕ್ಕೆ. ಫೋಟೋಗೆಂದು ಯಾರದಾದರೂ ಹಿತ್ತಲಿಗೆ ಹೋಗುವ ಮುನ್ನ ಮನೆಯವರನ್ನೊಮ್ಮೆ ಕೇಳಬೇಕು. ತಲೆಗೆ ಟೋಪಿ ಇದ್ದರೆ ಮೇಲು, ಬಿಸಿಲೊಂದಕ್ಕೇ ಅಲ್ಲ.