ಪಡುವಣ ಗೋಡೆಗೆ ಹೊಂಗೆಯ ನೆರಳು

ಮೊದಲು ಎರಡು ಮೂರು ಪದಗಳ ಲೆಕ್ಕ ಚುಕ್ತಾ ಮಾಡಿಬಿಡೋಣ. ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಹೊರಬಿಡುವುದು ಬಾಷ್ಪವಿಸರ್ಜನೆ. ಗಾಳಿ ತಾನು ಹೊರಬಲ್ಲ ಆವಿಯಲ್ಲಿ ಸದ್ಯ ಶೇಕಡಾ ಎಷ್ಟನ್ನು ಹೊತ್ತಿದೆ ಎಂಬುದು ಸಾಪೇಕ್ಷ ಆರ್ದ್ರತೆ. ಡಾಂಬರು, ಕಾಂಕ್ರೀಟು ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ಊರನ್ನು ಸುತ್ತಲಿನ ಹೊಲಗಳಿಗಿಂತ ಬಿಸಿಯಾಗಿಡುವುದು ನಗರದ ಉಷ್ಣದ್ವೀಪ. ಇಷ್ಟು ಸಾಕು. ಇದನ್ನೆಲ್ಲ ಬಾಯಿಪಾಠ ಮಾಡಿದವರೂ ಎಡವುವ ಜಾಗ ಮುಂದಿದೆ.

ಬೆಂಗಳೂರಿನ ರಾಜಾಜಿನಗರದಲ್ಲಾಗಲಿ, ವಿಜಯನಗರದಲ್ಲಾಗಲಿ ಮರದ ತಂಪಿನ ವಿಷಯ ಎತ್ತಿದರೆ ಎರಡು ಮಾತು ಖಂಡಿತ ಬರುತ್ತವೆ. ಒಂದು: ‘ಒಂದು ಮರ ಹತ್ತು ಎ.ಸಿ.ಗೆ ಸಮ.’ ಇನ್ನೊಂದು ಇದಕ್ಕೆ ತದ್ವಿರುದ್ಧ: ‘ಮೊದಲೇ ಸೆಖೆ, ಅದರ ಮೇಲೆ ಮರವೂ ಆವಿ ಬಿಟ್ಟರೆ ಮೈ ಇನ್ನಷ್ಟು ಅಂಟುವುದಿಲ್ಲವೇ?’ ಎರಡರಲ್ಲೂ ಸ್ವಲ್ಪ ನಿಜವಿದೆ. ಅದಕ್ಕೇ ಇವು ಸುಲಭವಾಗಿ ಸಾಯುವುದಿಲ್ಲ.

ಮೊದಲನೆಯದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್) ಶಾಖ ಬೇಕು. ನೀರು ಸಾಕಷ್ಟು ಸಿಕ್ಕ ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ಆವಿ ಬಿಟ್ಟಿತೆನ್ನಿ, 68 ಯೂನಿಟ್ ಶಾಖ ಕಳೆಯಿತು. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು 5 ಯೂನಿಟ್ ಶಾಖವನ್ನು ಕೋಣೆಯಿಂದ ಹೊರಹಾಕುತ್ತದೆ. ಅಂದರೆ ಮರ ಹತ್ತು ಎ.ಸಿ.ಗಳಿಗಲ್ಲ, ಹದಿಮೂರು ಗಂಟೆ ಓಡಿದ ಒಂದು ಎ.ಸಿ.ಗೆ ಸಮ. ಅದೇನೂ ಕಡಿಮೆಯಲ್ಲ! ಆದರೆ ಎ.ಸಿ. ಕೆಲಸ ಮಾಡುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮರ ನಿಂತಿರುವುದು ಬಯಲಿನಲ್ಲಿ. ಅದು ತಂಪು ಮಾಡಿದ ಗಾಳಿ ನಿಮ್ಮ ಕಿಟಕಿಗೆ ಬರುವ ಮೊದಲೇ ಮುಂದಿನ ಅಡ್ಡರಸ್ತೆ ಸೇರಿರುತ್ತದೆ.

ಎರಡನೆಯ ಮಾತಿಗೆ ಮಣ್ಣಿನ ಹೂಜಿಯನ್ನು ನೆನೆಯಿರಿ. ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿನ ಹೂಜಿ ನೀರನ್ನು ಚೆನ್ನಾಗಿ ತಂಪು ಮಾಡುತ್ತದೆ. ಅದೇ ಹೂಜಿ ಮಂಗಳೂರಿನಲ್ಲಿ ಸೋಲುತ್ತದೆ. ಗಾಳಿ 34 ಡಿಗ್ರಿ ಇದ್ದು ಆರ್ದ್ರತೆ ಶೇ 30 ಇದ್ದರೆ, ನೀರು ಆರುತ್ತಾ ಆರುತ್ತಾ ಸುಮಾರು 21 ಡಿಗ್ರಿಯವರೆಗೆ ಇಳಿಯಬಲ್ಲದು. ಗಾಳಿ 33, ಆರ್ದ್ರತೆ ಶೇ 65 ಆದರೆ 27ರ ಆಚೀಚೆಗೇ ನಿಂತುಬಿಡುತ್ತದೆ. ಆವಿಯಿಂದ ತಂಪಾಗುವ ಯಾವುದಕ್ಕೂ, ಹೂಜಿಗೂ ಮರಕ್ಕೂ ನಮ್ಮ ಬೆವರಿಗೂ, ಈ ಎಲ್ಲೆ ಒಂದೇ. ಒಣ ಏಪ್ರಿಲ್ ಕಳೆದು ಮೇ ತಿಂಗಳ ಮಳೆ ಬಿದ್ದ ಮೇಲೆ ಬೆಂಗಳೂರೂ ನಿಧಾನವಾಗಿ ಕರಾವಳಿಯ ಪಾಳಿಗೆ ಸೇರುತ್ತದೆ. ಆಗ ಆವಿಯ ಮೇಲಿನ ಭರವಸೆ ಕುಗ್ಗಬೇಕು, ಸರಿ. ಹಾಗಾದರೆ ಮರದ ಕೆಲಸ ಮುಗಿಯಿತೇ?

ಇಲ್ಲ, ಅದರ ಮುಖ್ಯ ಕೆಲಸ ಬೇರೆಯೇ ಇದೆ. ನಾವು ಧಗೆ ಎನ್ನುವುದರಲ್ಲಿ ಗಾಳಿಯ ಉಷ್ಣತೆ ಒಂದು ಪಾಲು ಮಾತ್ರ. ನೆತ್ತಿಯ ಸೂರ್ಯ, ಕಾದ ರಸ್ತೆ, ಎದುರು ಮನೆಯ ಗೋಡೆ, ಇವೆಲ್ಲ ವಿಕಿರಣದ ಮೂಲಕ ನೇರವಾಗಿ ಮೈಗೆ ಶಾಖ ಸುರಿಯುತ್ತವೆ. ಬೆವರು ಆರದ ತೇವದ ದಿನ ಈ ಹೊರೆಯನ್ನು ಇಳಿಸಿಕೊಳ್ಳುವ ದಾರಿಯೂ ಕಿರಿದು. ಆದ್ದರಿಂದ ಹೊರೆ ಬೀಳದಂತೆ ತಡೆಯುವ ನೆರಳಿನ ಬೆಲೆ ಸೆಖೆಯ ಊರಲ್ಲಿ ಇನ್ನೂ ಹೆಚ್ಚು.

ತಗಡಿನ ಶೆಡ್ಡೂ ನೆರಳು ಕೊಡುತ್ತದಲ್ಲ ಎಂದು ಯಾರಾದರೂ ಕೇಳಿದರೆ ನನಗೆ ಖುಷಿ. ಈ ಅಧ್ಯಾಯ ಬರೆದದ್ದೇ ಆ ಪ್ರಶ್ನೆಗಾಗಿ ಎನ್ನಬಹುದು. ಮಧ್ಯಾಹ್ನ ತಗಡಿನ ಕೆಳಗೆ ಸ್ಕೂಟರ್ ನಿಲ್ಲಿಸಿ ತಲೆಯ ಮೇಲೆ ಅಂಗೈ ಎತ್ತಿ ನೋಡಿ. ಬಿಸಿಲು ತಡೆದ ತಗಡು ತಾನೇ ಕಾದು ಕೆಳಕ್ಕೆ ಕಾವು ಬೀರುತ್ತಿರುತ್ತದೆ. ಹೊಂಗೆಯ ಎಲೆ ಅಷ್ಟೇ ಬಿಸಿಲಿನಲ್ಲಿ ಹೆಚ್ಚುಕಡಿಮೆ ಗಾಳಿಯ ಉಷ್ಣತೆಯಲ್ಲೇ ಉಳಿಯುತ್ತದೆ, ಏಕೆಂದರೆ ಅದು ಆವಿ ಬಿಡುತ್ತಿದೆ, ಗಾಳಿಗೆ ಅಲುಗಾಡುತ್ತಿದೆ. ಬಾಷ್ಪವಿಸರ್ಜನೆಯ ದೊಡ್ಡ ಉಪಕಾರ ಇದೇ: ಅದು ಬೀದಿಯ ಗಾಳಿಯನ್ನು ತಣಿಸುವುದು ಸ್ವಲ್ಪವೇ, ನೆರಳು ಕೊಡುವ ಚಪ್ಪರವೇ ಕಾಯದಂತೆ ನೋಡಿಕೊಳ್ಳುವುದು ಬಹಳ. ಬುಡದ ಸುತ್ತ ಸಿಮೆಂಟು ಮೆತ್ತಿ ಬೇರಿಗೆ ನೀರು ತಪ್ಪಿಸಿದರೆ ಕಳೆದುಕೊಳ್ಳುವುದೂ ಇದನ್ನೇ.

ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಬೆಳಕಿನಲ್ಲಿ ಓದಬೇಕು. ಮರವಿದ್ದ ರಸ್ತೆಯ ಭಾಗದಲ್ಲಿ ಮಧ್ಯಾಹ್ನದ ಗಾಳಿ ಗರಿಷ್ಠ 5.6 ಡಿಗ್ರಿಯಷ್ಟು ತಂಪಾಗಿತ್ತು. ರಸ್ತೆಯ ಮೈ ಗರಿಷ್ಠ 27.5 ಡಿಗ್ರಿಯಷ್ಟು! ಎರಡೂ ಅಂಕಿಗಳ ಅಂತರವೇ ನೆರಳಿನ ಕಥೆ ಹೇಳುತ್ತದೆ. ಸೆಖೆಯ ಭಯದವರಿಗೆ ಇನ್ನೊಂದು ಅಂಶ: ಅಲ್ಲಿ ಸರಾಸರಿ ಆರ್ದ್ರತೆಯೂ ಮರವಿಲ್ಲದ ಭಾಗಕ್ಕಿಂತ ಕಡಿಮೆಯೇ ಇತ್ತು. ತೆರೆದ ಬೀದಿಯಲ್ಲಿ ಆವಿ ನಿಲ್ಲುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯೊಳಗೆ ಇಪ್ಪತ್ತು ಕುಂಡ ಇಟ್ಟರೆ ನಿಲ್ಲುತ್ತದೆ. ಚೆಂದಕ್ಕೆ ಇಡಿ, ತಂಪಿಗೆಂದು ಬೇಡ.

ಇನ್ನು ಮನೆಗೆ ಬರೋಣ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗ ತೆಂಕಣ ಗೋಡೆಗೆ ಹೆಚ್ಚು ಬಿಸಿಲಿಲ್ಲ. ಬೇಯುವುದು ತಾರಸಿ, ಆಮೇಲೆ ಪಡುವಣ ಗೋಡೆ. ಸಂಜೆ ನಾಲ್ಕಕ್ಕೆ ಸೂರ್ಯ ಪಶ್ಚಿಮದಲ್ಲಿ 36 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದೂವರೆ ಅಡಿಯ ಸಜ್ಜಾ ಆ ಹೊತ್ತಿನಲ್ಲಿ ತನ್ನ ಕೆಳಗೆ ಬರೀ ಒಂದು ಅಡಿಯಷ್ಟು ಗೋಡೆಯನ್ನು ಕಾಯುತ್ತದೆ. ಐದಕ್ಕೆ ಅದೂ ಇಲ್ಲ. ಹೀಗೆ ಕಾದ ಇಟ್ಟಿಗೆ ಗೋಡೆ ಆ ಶಾಖವನ್ನು ಒಳಗೆ ದಾಟಿಸಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಹೊರಗೆ ತಂಗಾಳಿ ಬೀಸುವಾಗ ಮಲಗುವ ಕೋಣೆ ಕುದಿಯುವುದು ಇದರಿಂದ.

ಆದ್ದರಿಂದ ಸಸಿ ಇರುವುದು ಒಂದೇ ಆದರೆ ಪಡುವಣಕ್ಕೆ ನೆಡಿ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮರಕ್ಕೆ ಜಾಗವೆಲ್ಲಿ ಎಂದರೆ, ನಿಜ, ಇಲ್ಲ. ಅಲ್ಲಿ ಗೋಡೆಯಿಂದ ಗೇಣುದ್ದ ದೂರ ತಂತಿ ಬಿಗಿದು ತೊಂಡೆ, ಮಧುಮಾಲತಿ, ಬಸಳೆ ಹಬ್ಬಿಸಬಹುದು. ಆ ಗೇಣಿನ ಸಂದು ಮುಖ್ಯ. ಬಳ್ಳಿ ಗೋಡೆಗೇ ಅಂಟಿದರೆ ಹಿಂದೆ ಗಾಳಿ ಆಡದೆ ಮಳೆಗಾಲದಲ್ಲಿ ಗೋಡೆ ಒಣಗುವುದಿಲ್ಲ.

ಬೀದಿ ಮರದ ಆಯ್ಕೆಯಲ್ಲಿ ಹೂವಿನ ಮೋಹ ನಮ್ಮನ್ನು ಕೆಡಿಸಿದೆ ಎಂದು ನನ್ನ ದೂರು. ಗುಲ್‌ಮೊಹರ್ ಮಾರ್ಚಿನಲ್ಲಿ ಬಹುಪಾಲು ಬೋಳು. ಗುಲಾಬಿ ತಬೆಬುಯಾ ಚಿತ್ರಕ್ಕೆ ನಿಂತಾಗ ಕೊಂಬೆಯಲ್ಲಿ ಎಲೆಯೇ ಇರುವುದಿಲ್ಲ. ಹೊಂಗೆ ಬೇಸಿಗೆಯ ಬಾಯಿಗೇ ಹೊಸ ತಳಿರು ಹೊದ್ದುಕೊಳ್ಳುತ್ತದೆ. ಕಂಬದಂಥ ಅಶೋಕದ ಸಾಲು ಕೊಡುವ ನೆರಳು ಅಲ್ಪ, ಕಾಂಪೌಂಡಿನ ಪಕ್ಕ ಒತ್ತಾಗಿ ನೆಟ್ಟರೆ ತಡೆಯುವ ಗಾಳಿ ಬಹಳ. ಸೆಖೆಯ ಕಾಲದಲ್ಲಿ ಗಾಳಿ ಕಳೆದುಕೊಂಡರೆ ನೆರಳಿದ್ದೂ ಬೆವರು ಆರದು. ಮೇಲೆ ಅಗಲ ಹಂದರ, ಕೆಳಗೆ ಆಳೆತ್ತರಕ್ಕೂ ಮಿಗಿಲಾದ ಬರಿಯ ಕಾಂಡ, ಇದು ನಮಗೆ ಬೇಕಾದ ರೂಪ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟಾಗ ನಾಡಿನ ಮರಗಳಿಗೂ ಒಳ್ಳೆಯ ಪಾಲು ಸಿಕ್ಕಿತ್ತು. ವಿದ್ಯುತ್ ತಂತಿಗೆಂದು ಒಂದೇ ಮಗ್ಗುಲು ಸವರಿಸಿಕೊಂಡು ವಾಲಿ ನಿಂತ ಬೀದಿ ಮರಗಳನ್ನು ಕಂಡಾಗಲೆಲ್ಲ ಆ ದುಡಿಮೆ ನೆನಪಾಗುತ್ತದೆ.

ತಿಳಿಯಬೇಕಾದದ್ದು ಇನ್ನೂ ರಾಶಿ ಇದೆ. ಹಗಲು ನಮ್ಮನ್ನು ಬಿಸಿಲಿನಿಂದ ಕಾಪಾಡುವ ಹಂದರವೇ ರಾತ್ರಿ ನೆಲದ ಕಾವು ಆಕಾಶಕ್ಕೆ ಹೋಗದಂತೆ ಸ್ವಲ್ಪ ತಡೆಯುತ್ತದೆ. ಬಸವೇಶ್ವರನಗರದ ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ಈ ಲಾಭ–ನಷ್ಟ ಎಷ್ಟೆಷ್ಟು? ಲಂಡನ್ನಿನ 111 ಹೆಕ್ಟೇರಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನ ರಾತ್ರಿಯ ತಂಪು ಸುತ್ತಲಿನ ಬೀದಿಗಳಲ್ಲಿ 20ರಿಂದ 440 ಮೀಟರ್‌ವರೆಗೆ ಹರಡುವುದನ್ನು ಅಳೆದಿದ್ದಾರೆ. ವಿಜಯನಗರಕ್ಕೂ ಕೆಂಗೇರಿಗೂ ನಡುವೆ ಬೆಂಗಳೂರು ವಿಶ್ವವಿದ್ಯಾಲಯದ 1,000 ಎಕರೆಗೂ ಮಿಗಿಲಾದ ಜ್ಞಾನಭಾರತಿ ಆವರಣ ಇದೆ. ಅದರ ತಂಪು ನಾಗರಬಾವಿಯ ಎಷ್ಟನೇ ಅಡ್ಡರಸ್ತೆವರೆಗೆ ತಲುಪುತ್ತದೆ? ಕಾಲೇಜಿನ ನಾಲ್ಕು ಹುಡುಗರು, ಒಂದೇ ಬಗೆಯ ನಾಲ್ಕು ಥರ್ಮಾಮೀಟರು, ಗಾಳಿ ನಿಂತ ಏಪ್ರಿಲ್ ರಾತ್ರಿಗಳು ಇದ್ದರೆ ಉತ್ತರ ಸಿಗುತ್ತದೆ. ವಿಶ್ವವಿದ್ಯಾಲಯದ ಬೇಲಿಯಿಂದ ಶುರುಮಾಡಿ, ನೂರು ನೂರು ಮೀಟರಿಗೆ ನಿಂತು ಅಳೆಯಿರಿ. ಹತ್ತು ಗಂಟೆಯ ಮೊದಲು ಬೇಡ, ಗೋಡೆಗಳು ಇನ್ನೂ ಬಿಸಿ ಕಾರುತ್ತಿರುತ್ತವೆ.